ಸೆರಗೊಡ್ಡಿದರೆ ಅಕ್ಷರ ಬೀಳುವ ಗೋಡೆ: ನೋಡುಗರನ್ನು ಒಳಗೊಳ್ಳುವ ವಿಡಿಯೊ ಕಲಾಕೃತಿ ಕಟ್ಟುವ ಬಗೆ

ಮಂಡ್ಯದ ಒಂದು ಶಾಲೆಯ ಕೊಠಡಿಯಲ್ಲಿ ನಾವು ಕೆಲವರು ಸೇರಿ ವಿಡಿಯೊ ಗೋಡೆಯೊಂದನ್ನು ಕಟ್ಟಿದ್ದೆವು. ಪರದೆಯ ಮೇಲಿನಿಂದ ಕನ್ನಡದ ಅಕ್ಷರಗಳು ಮಳೆಯಂತೆ ಇಳಿಯುತ್ತವೆ. ಎದುರು ನಿಂತವರ ಆಕೃತಿ ಅದೇ ಪರದೆಯ ಮೇಲೆ ನೆರಳಾಗಿ ಮೂಡುತ್ತದೆ. ಇಳಿದ ಅಕ್ಷರಗಳು ಆ ನೆರಳಿನ ತಲೆ, ಭುಜ, ಚಾಚಿದ ಕೈಗಳ ಮೇಲೆ ಬಂದು ಕೂರುತ್ತವೆ. ಎರಡನೆಯ ದಿನ ಸಂಜೆ ಮೊಮ್ಮಗನ ಜೊತೆ ಬಂದ ಅಜ್ಜಿಯೊಬ್ಬರು ಚಪ್ಪಲಿಯನ್ನು ಹೊರಗೆ ಬಿಟ್ಟು ಹೊಸ್ತಿಲಲ್ಲೇ ನಿಂತರು. ಹುಡುಗ ಒಳಗೆ ಓಡಿ ಕೈ ಬೀಸತೊಡಗಿದ. ಸ್ವಲ್ಪ ಹೊತ್ತು ನೋಡಿದ ಅಜ್ಜಿ ಮೆಲ್ಲಗೆ ಒಳಗೆ ಬಂದು, ಮಡಿಲಕ್ಕಿ ತುಂಬಿಸಿಕೊಳ್ಳುವಾಗ ಹಿಡಿಯುವ ಹಾಗೆ ಸೆರಗಿನ ಎರಡು ತುದಿಗಳನ್ನು ಹಿಡಿದು ಒಡ್ಡಿದರು. ಅಕ್ಷರಗಳು ಸೆರಗಿಗೆ ಬಿದ್ದವು. "ಏನು ಬಿದ್ದಿದೆ ಓದಪ್ಪ" ಎಂದರು. ಹುಡುಗ ಪರದೆ ನೋಡಿ "ಪಾ... ಕ... ಬೆ..." ಎಂದು ಒಂದೊಂದಾಗಿ ಓದಿ ಹೇಳಿದ.

ಸೆರಗು ನಮ್ಮ ಯೋಜನೆಯಲ್ಲಿ ಇರಲೇ ಇಲ್ಲ. ತಿಂಗಳುಗಟ್ಟಲೆ ಪ್ರೋಗ್ರಾಂ ಬರೆದ ನಮಗೆ ಹೊಳೆಯದಿದ್ದುದನ್ನು ಅವರು ಎರಡು ನಿಮಿಷದಲ್ಲಿ ಮಾಡಿ ತೋರಿಸಿದರು. ಅಂದಿನಿಂದ ಈ ಕೆಲಸ ಕಲಿಯಲು ಬರುವ ವಿದ್ಯಾರ್ಥಿಗಳಿಗೆ ನಾನು ಹೇಳುತ್ತಿರುವುದು ಒಂದೇ ಮಾತು: ಮೊದಲು ಬರುವವರ ಮೈಯನ್ನು ಗಮನಿಸಿ, ಆಮೇಲೆ ಕೊಠಡಿ, ಕಂಪ್ಯೂಟರ್ ಕೊನೆಗೆ. ಈ ಲೇಖನವೂ ಅದೇ ಕ್ರಮದಲ್ಲಿದೆ.

ಮೊದಲು ನೋಡಿರಬೇಕಾದ ಕೆಲವು ಕೃತಿಗಳು

ನೋಡುಗರನ್ನು ಒಳಗೆ ಎಳೆದುಕೊಳ್ಳುವ ವಿಡಿಯೊ ಕಲೆಗೆ ಅರವತ್ತು ವರ್ಷಗಳ ಇತಿಹಾಸವಿದೆ. ನಾಮ್ ಜೂನ್ ಪೈಕ್ 1963ರಲ್ಲಿಯೇ ಜರ್ಮನಿಯ ಪ್ರದರ್ಶನವೊಂದರಲ್ಲಿ, ಜನ ತಾವೇ ಚಿತ್ರವನ್ನು ಬದಲಿಸಬಹುದಾದ ಟೆಲಿವಿಷನ್‌ಗಳನ್ನು ಇಟ್ಟಿದ್ದರು. ಬ್ರೂಸ್ ನೌಮನ್ 1970ರಲ್ಲಿ ಒಬ್ಬರು ಮಾತ್ರ ನುಸುಳಬಹುದಾದ ಇಕ್ಕಟ್ಟಿನ ಓಣಿಯೊಂದನ್ನು ಕಟ್ಟಿದರು. ಅದರ ಕೊನೆಯಲ್ಲಿ ಎರಡು ಟಿವಿ, ಪ್ರವೇಶದ ಮೇಲ್ಭಾಗದಲ್ಲಿ ಕ್ಯಾಮೆರಾ. ಟಿವಿಯ ಹತ್ತಿರ ಹೋದಷ್ಟೂ ಕ್ಯಾಮೆರಾದಿಂದ ದೂರವಾಗುವುದರಿಂದ, ಪರದೆಯಲ್ಲಿ ನಿಮ್ಮದೇ ಬೆನ್ನು ಚಿಕ್ಕದಾಗುತ್ತಾ ಹೋಗುತ್ತದೆ. ಕಂಪ್ಯೂಟರೇ ಇಲ್ಲದೆ, ಕ್ಯಾಮೆರಾ ಇಟ್ಟ ಜಾಗದಿಂದಲೇ ಇಷ್ಟು ಕಳವಳ ಹುಟ್ಟಿಸಬಹುದು ಎಂಬುದನ್ನು ನಾನು ಈ ಕೃತಿಯಿಂದ ಕಲಿತೆ. ಡ್ಯಾನ್ ಗ್ರಹಾಂ 1974ರಲ್ಲಿ ಕನ್ನಡಿಗಳ ಕೋಣೆಯಲ್ಲಿ ನೋಡುಗರ ಚಿತ್ರವನ್ನು ಎಂಟು ಸೆಕೆಂಡು ತಡವಾಗಿ ತೋರಿಸಿದರು.

ಮೈರನ್ ಕ್ರೂಗರ್ 1970ರ ದಶಕದಲ್ಲಿ ಆರಂಭಿಸಿದ 'ವಿಡಿಯೊಪ್ಲೇಸ್' ನಮ್ಮ ಗೋಡೆಯ ಹಿರಿಯಜ್ಜ. ನೋಡುಗರ ನೆರಳಾಕೃತಿಯನ್ನು ಕಂಪ್ಯೂಟರ್ ಗುರುತಿಸಿ, ಪುಟ್ಟ ಜೀವಿಯೊಂದು ಆ ನೆರಳಿನ ಮೈಮೇಲೆ ಹತ್ತಿ ಆಡುವಂತೆ ಅವರು ಮಾಡಿದ್ದರು. ಕೆಮಿಲ್ ಅಟರ್‌ಬ್ಯಾಕ್ ಮತ್ತು ರೋಮಿ ಅಖಿಟುವ್ 1999ರಲ್ಲಿ ಮಾಡಿದ 'ಟೆಕ್ಸ್ಟ್ ರೇನ್' ಇಂಗ್ಲಿಷ್ ಅಕ್ಷರಗಳ ಮಳೆ. ನಮ್ಮ ಗೋಡೆ ನೇರವಾಗಿ ಅದರ ಋಣದಲ್ಲಿದೆ. ಮುಂಬೈನ ಶಿಲ್ಪಾ ಗುಪ್ತಾ ಅವರು ನೋಡುಗರ ನೆರಳನ್ನೇ ಬಳಸಿ ಕೃತಿಗಳ ಸರಣಿಯೊಂದನ್ನು ಮಾಡಿದ್ದಾರೆ.

ಆದರೆ ನೆರಳಿನ ಪರದೆ ನಮ್ಮ ಸೀಮೆಗೆ ಹೊರಗಿನದಲ್ಲ. ನಾಗಮಂಗಲದ ಕಡೆ ತೊಗಲುಗೊಂಬೆ ಆಡಿಸುವ ಮನೆತನಗಳಿವೆ. ಬಿಳಿ ಬಟ್ಟೆ, ಹಿಂದೆ ದೀಪ, ನಡುವೆ ಬಣ್ಣದ ತೊಗಲು. ಅವಕಾಶ ಸಿಕ್ಕರೆ ಒಂದು ರಾತ್ರಿ ಆಟವನ್ನು ಪರದೆಯ ಎರಡೂ ಬದಿಯಿಂದ ನೋಡಿ. ಗೊಂಬೆ ಪರದೆಗೆ ಒತ್ತಿಕೊಂಡಾಗ ಅಂಚು ಹರಿತವಾಗುವುದು, ಹಿಂದಕ್ಕೆ ಸರಿದಾಗ ಮಸುಕಾಗಿ ಹಿಗ್ಗುವುದು, ನಗಿಸುವ ಗೊಂಬೆ ಕಿಳ್ಳೇಕ್ಯಾತ ಬಂದೊಡನೆ ಮಕ್ಕಳು ಮುಂದಕ್ಕೆ ಜರುಗುವುದು, ಇವೆಲ್ಲವೂ ನಿಮ್ಮ ಕೆಲಸಕ್ಕೆ ಬೇಕಾದ ಪಾಠಗಳೇ. ಇಲ್ಲಿ ಆಗುವ ಬದಲಾವಣೆ ಇಷ್ಟೇ: ನೋಡಲು ಬಂದವರೇ ಗೊಂಬೆ, ಆಡಿಸುವವರೂ ಅವರೇ.

ಒಂದು ವಾಕ್ಯ, ಒಂದು ಬೆಡ್‌ಶೀಟ್

ಕಾಗದದಲ್ಲಿ ಈ ವಾಕ್ಯದ ಖಾಲಿ ಜಾಗ ತುಂಬಿ: "ಬಂದವರು ಹೀಗೆ ಮಾಡಿದರೆ, ಗೋಡೆ ಹೀಗೆ ಮಾಡುತ್ತದೆ." ನಮ್ಮದು "ಬಂದವರು ಕೈ ಚಾಚಿದರೆ ಅಕ್ಷರ ಕೈಮೇಲೆ ನಿಲ್ಲುತ್ತದೆ" ಎಂದಿತ್ತು. ಒಂದೇ ವಾಕ್ಯದಲ್ಲಿ ಹೇಳಲಾಗದಿದ್ದರೆ ನೋಡುಗರಿಗೂ ಅದು ಹತ್ತು ಸೆಕೆಂಡಿನಲ್ಲಿ ತಿಳಿಯುವುದಿಲ್ಲ. ಮೊದಲ ಕೃತಿಯಲ್ಲಿ ಕೈ ಎತ್ತಿದರೆ ಒಂದು, ಕುಣಿದರೆ ಇನ್ನೊಂದು, ಕೂಗಿದರೆ ಮತ್ತೊಂದು ಎಂದು ಪೇರಿಸುವವರೇ ಹೆಚ್ಚು. ದಯವಿಟ್ಟು ಹಾಗೆ ಮಾಡಬೇಡಿ. ಒಂದು ಕ್ರಿಯೆ, ಒಂದು ಉತ್ತರ ಸಾಕು.

ಆಮೇಲೆ ಬೆಡ್‌ಶೀಟ್ ಕಟ್ಟಿ, ಟಾರ್ಚ್ ಹಚ್ಚಿ, ಸ್ನೇಹಿತರೊಬ್ಬರನ್ನು ಹಿಂದೆ ನಿಲ್ಲಿಸಿ. ಮುಂದೆ ನಿಂತವರು ಕೈ ಚಾಚಿದಾಗ ಹಿಂದಿರುವವರು ರಟ್ಟಿನಲ್ಲಿ ಕತ್ತರಿಸಿದ ಅಕ್ಷರದ ನೆರಳನ್ನು ಆ ಕೈ ಇರುವ ಕಡೆಗೆ ಇಳಿಸಲಿ. ಅಂದರೆ ಕಂಪ್ಯೂಟರ್ ಮಾಡಬೇಕಾದುದನ್ನು ಮನುಷ್ಯರೇ ಮಾಡುವುದು. ಮನೆಯ ಮಕ್ಕಳು, ಅಕ್ಕಪಕ್ಕದವರು, ಹಿರಿಯರನ್ನು ಕರೆದು ಏನೂ ಹೇಳದೆ ಮುಂದೆ ನಿಲ್ಲಿಸಿ, ಅವರು ಮೊದಲು ಏನು ಮಾಡುತ್ತಾರೆ ಎಂದು ಬರೆದಿಟ್ಟುಕೊಳ್ಳಿ. ನಮ್ಮ ಪರೀಕ್ಷೆಯಲ್ಲಿ ಹೆಚ್ಚಿನವರು ಮೊದಲು ಒಂದು ಕೈಯನ್ನು ಸೊಂಟದ ಎತ್ತರದಲ್ಲಿ ಸ್ವಲ್ಪವೇ ಮುಂದೆ ಚಾಚಿದರು. ನಾವೋ ಎಲ್ಲರೂ ಕೈಯನ್ನು ತಲೆಯ ಮೇಲಕ್ಕೆ ಎತ್ತುತ್ತಾರೆ ಎಂದುಕೊಂಡಿದ್ದೆವು.

ಕೊಠಡಿ ಹುಡುಕುವುದು, ಕತ್ತಲೆ ಮಾಡುವುದು

ಮೈಸೂರಿನಲ್ಲಿದ್ದರೆ ದೃಶ್ಯಕಲಾ ಕಾಲೇಜು ಕಾವಾ, ಕಲಾಮಂದಿರ, ರಂಗಾಯಣದಂಥ ಆವರಣಗಳಲ್ಲಿ ವಿಚಾರಿಸಿ. ಮಂಡ್ಯದಲ್ಲಾದರೆ ಕರ್ನಾಟಕ ಸಂಘದಲ್ಲಿ ಕೇಳಿ. ನನ್ನ ಅನುಭವದಲ್ಲಿ ಮೊದಲ ಕೃತಿಗೆ ಶಾಲೆಯ ಕೊಠಡಿಯೇ ಒಳ್ಳೆಯದು. ಎತ್ತರದ ಸೂರು, ಬಿಳಿ ಗೋಡೆ, ಬಾಗಿಲಲ್ಲೇ ಕುತೂಹಲದ ಮಕ್ಕಳು ಇರುತ್ತಾರೆ. 20 ಅಡಿ ಉದ್ದ, 15 ಅಡಿ ಅಗಲ ಇದ್ದರೆ ಧಾರಾಳ. ಪ್ರೊಜೆಕ್ಟರ್ ಬಾಡಿಗೆಗೆ ತರುವುದಾದರೆ ದಸರಾ ದಿನಗಳನ್ನು ಬಿಟ್ಟುಬಿಡಿ. ಆಗ ಶಾಮಿಯಾನದವರು, ಸೌಂಡ್ಸ್‌ನವರು ಯಾರ ಬಳಿಯೂ ಒಳ್ಳೆಯ ಸಾಮಾನು ಉಳಿದಿರುವುದಿಲ್ಲ.

ಪ್ರೊಜೆಕ್ಟರ್ ಲೆಕ್ಕ ಹೀಗೆ. ಪರದೆಯಿಂದ ಪ್ರೊಜೆಕ್ಟರಿಗೆ ಇರುವ ದೂರವನ್ನು ಚಿತ್ರದ ಅಗಲದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಥ್ರೋ ರೇಶಿಯೊ. ಸಾಮಾನ್ಯ ಪ್ರೊಜೆಕ್ಟರಿನಲ್ಲಿ ಅದು 1.5ರ ಆಸುಪಾಸು. ಹಾಗಾದರೆ 8 ಅಡಿ ಅಗಲದ ಚಿತ್ರಕ್ಕೆ 12 ಅಡಿ ದೂರ ಬೇಕು. ಅದನ್ನು 9 ಅಡಿ ಎತ್ತರದಲ್ಲಿ ತೂಗುಹಾಕಿ, ಚಿತ್ರದ ಕೆಳ ಅಂಚನ್ನು ನೆಲದಿಂದ ಎರಡೂವರೆ ಅಡಿಗೆ ಇಟ್ಟಿರಿ ಎನ್ನಿ. ಪರದೆಯಿಂದ 6 ಅಡಿ ದೂರ ನಿಂತವರ ತಲೆಯ ಮೇಲಿಂದ ಬೆಳಕು ಹಾದುಹೋಗುತ್ತದೆ. ಅವರು ಪರದೆಗೆ 3 ಅಡಿ ಹತ್ತಿರ ಬಂದರೆ ಆ ಜಾಗದಲ್ಲಿ ಬೆಳಕಿನ ಕೆಳ ಅಂಚು ನಾಲ್ಕು ಅಡಿಯಷ್ಟು ಎತ್ತರದಲ್ಲಿ ಮಾತ್ರ ಇರುವುದರಿಂದ ತಲೆ, ಭುಜ ಅಡ್ಡ ಬಂದು ಪರದೆಯ ಮೇಲೆ ನಿಜವಾದ ನೆರಳು ಬೀಳುತ್ತದೆ. ಕಂಪ್ಯೂಟರ್ ಮೂಡಿಸುವ ನೆರಳು ಒಂದು, ಇದೊಂದು. ಎರಡೂ ಸೇರಿ ಕೃತಿ ಕೆಡುತ್ತದೆ. ನೆಲದ ಮೇಲೆ ಗೆರೆ ಎಳೆದು "ಇದನ್ನು ದಾಟಬೇಡಿ" ಎನ್ನಬಹುದು. ನನಗದು ಇಷ್ಟವಿಲ್ಲ. ಮುಂದೆ ಬನ್ನಿ ಎಂದು ಕರೆಯುವ ಕೃತಿಗೆ ಗೆರೆ ಹೊಂದುವುದಿಲ್ಲ. ಜಾಗವಿದ್ದರೆ ತೆಳುವಾದ ಬಿಳಿ ಹತ್ತಿ ಬಟ್ಟೆ ಕಟ್ಟಿ ಹಿಂದಿನಿಂದ ಬೆಳಕು ಬಿಡಿ. ಬಟ್ಟೆ ಅಗಲವಾಗಿರಲಿ, ಎರಡು ಪಂಚೆ ಜೋಡಿಸಿ ಹೊಲಿದರೆ ಹೊಲಿಗೆಯ ಗೆರೆ ಎಲ್ಲ ಚಿತ್ರಗಳ ನಡುವೆಯೂ ಎದ್ದು ಕಾಣುತ್ತದೆ. ಜಾಗವಿಲ್ಲದಿದ್ದರೆ 0.5 ರೇಶಿಯೊದ ಶಾರ್ಟ್ ಥ್ರೋ ಪ್ರೊಜೆಕ್ಟರ್ ಹುಡುಕಿ, ಅದಕ್ಕೆ 4 ಅಡಿ ಸಾಕು.

ಕ್ಯಾಮೆರಾದ ಕಣ್ಣು ಬೇರೆ, ನಮ್ಮ ಕಣ್ಣು ಬೇರೆ

ಹೆಚ್ಚಿನ ಕೃತಿಗಳು ಸೋಲುವುದು ಇಲ್ಲಿಯೇ. ಆದ್ದರಿಂದ ಇದನ್ನು ಸಾವಧಾನವಾಗಿ ಓದಿ.

ಕಂಪ್ಯೂಟರಿಗೆ ಮನುಷ್ಯ ಯಾರು, ಗೋಡೆ ಯಾವುದು ಎಂದು ಗೊತ್ತಿಲ್ಲ. ಖಾಲಿ ಕೊಠಡಿಯ ಚಿತ್ರವೊಂದನ್ನು ಅದು ನೆನಪಿಟ್ಟುಕೊಂಡು, ಈಗ ಬರುತ್ತಿರುವ ಚಿತ್ರದ ಪ್ರತಿ ಚುಕ್ಕಿಯನ್ನೂ (ಪಿಕ್ಸೆಲ್) ಅದರೊಂದಿಗೆ ಹೋಲಿಸುತ್ತದೆ. ವ್ಯತ್ಯಾಸ ಒಂದು ಮಿತಿ ದಾಟಿದರೆ ಅಲ್ಲಿ ಮನುಷ್ಯರಿದ್ದಾರೆ ಎಂದು ತಿಳಿಯುತ್ತದೆ. ಚುಕ್ಕಿಯ ಬೆಳಕಿಗೆ 0ಯಿಂದ 255ರವರೆಗೆ ಅಂಕ ಇದ್ದರೆ, ಮಿತಿಯನ್ನು 30ರ ಸುಮಾರಿಗೆ ಇಟ್ಟು ಹಿಂದೆ ಮುಂದೆ ಸರಿಸಿ ನೋಡಿ. ಆದರೆ ಪ್ರೊಜೆಕ್ಟರಿನ ಬೆಳಕು ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಅದು ಕೊಠಡಿಯಲ್ಲೆಲ್ಲ ಹರಡುವುದರಿಂದ, ಗೋಡೆಯೂ ಬದಲಾದಂತೆ ಕ್ಯಾಮೆರಾಕ್ಕೆ ಕಾಣುತ್ತದೆ.

ಇದಕ್ಕೆ ಪರಿಹಾರ ಕಣ್ಣಿಗೆ ಕಾಣದ ಬೆಳಕು. ರಾತ್ರಿ ಕಾಣುವ ಸಿಸಿಟಿವಿಗಳಲ್ಲಿ ಬಳಸುವ 850 ನ್ಯಾನೊಮೀಟರ್‌ನ ಇನ್‌ಫ್ರಾರೆಡ್ ದೀಪಗಳು ಬೇರೆಯಾಗಿಯೂ ಸಿಗುತ್ತವೆ. ನೋಡುಗರ ಹಿಂದಿರುವ ಬಿಳಿ ಗೋಡೆಯನ್ನು ಆ ದೀಪಗಳಿಂದ ಬೆಳಗಿಸಿ. ಕ್ಯಾಮೆರಾವನ್ನು ಪರದೆಯ ಅಂಚಿನಲ್ಲಿ ನೋಡುಗರಿಗೆ ಎದುರಾಗಿ ಇಡಿ. ಆಗ ಕ್ಯಾಮೆರಾಕ್ಕೆ ಬೆಳಗುವ ಗೋಡೆ, ಅದರ ಮುಂದೆ ಕಪ್ಪಗಿನ ಮನುಷ್ಯಾಕೃತಿ ಕಾಣುತ್ತದೆ. ದೀಪವನ್ನು ನೋಡುಗರ ಮೇಲೆ ಬಿಡಬಾರದೇ ಎಂದು ಕೇಳುವವರಿದ್ದಾರೆ. ಬಿಡಬೇಡಿ. ಇನ್‌ಫ್ರಾರೆಡ್‌ನಲ್ಲಿ ಬಟ್ಟೆಯ ಬಣ್ಣಗಳು ನಮ್ಮ ಕಣ್ಣಿಗೆ ಕಂಡಂತೆ ಇರುವುದಿಲ್ಲ, ಎಷ್ಟೋ ಕಪ್ಪು ಸೀರೆಗಳು ಬೆಳ್ಳಗೆ ಕಾಣುತ್ತವೆ. ಗೋಡೆಯನ್ನು ಬೆಳಗಿಸಿದರೆ ಯಾರು ಏನು ಉಟ್ಟು ಬಂದರೂ ತೊಂದರೆಯಿಲ್ಲ.

ಸಾಮಾನ್ಯ ವೆಬ್‌ಕ್ಯಾಮ್‌ನೊಳಗೆ ಇನ್‌ಫ್ರಾರೆಡ್ ತಡೆಯುವ ಸಣ್ಣ ಗಾಜು ಇರುತ್ತದೆ. ಅದು ಇಲ್ಲದ ಯುಎಸ್‌ಬಿ ಕ್ಯಾಮೆರಾವನ್ನೇ ಕೊಳ್ಳಿ. ಅದರ ಮುಂದೆ ಕಣ್ಣಿಗೆ ಕಾಣುವ ಬೆಳಕನ್ನು ತಡೆಯುವ ಫಿಲ್ಟರ್ ಬೇಕು. ಹಳೆಯ ಫೋಟೊ ಸ್ಟುಡಿಯೊದಲ್ಲಿ ತೊಳೆದ ಕಲರ್ ನೆಗೆಟಿವ್ ರೋಲು ಕೇಳಿ. ಅದರ ತುದಿಯ ಪೂರ್ತಿ ಕಪ್ಪಾದ ಭಾಗವನ್ನು ಎರಡು ಪದರ ಮಾಡಿ ಲೆನ್ಸಿನ ಮುಂದೆ ಅಂಟಿಸಿದರೆ ಕೆಲಸ ನಡೆಯುತ್ತದೆ. ನೆಟ್‌ವರ್ಕ್ ಮೂಲಕ ಚಿತ್ರ ಕಳಿಸುವ ಸಿಸಿಟಿವಿ ಕ್ಯಾಮೆರಾ ಬೇಡ. ಚಿತ್ರ ತಡವಾಗಿ ಬರುತ್ತದೆ. ಕೈ ಎತ್ತಿದ ಮೇಲೆ ನೆರಳು ಕೈ ಎತ್ತಲು ಸೆಕೆಂಡಿನ ಐದನೇ ಒಂದು ಭಾಗ ತಡವಾದರೂ ಜನ "ಇದು ನಾನಲ್ಲ" ಎಂಬಂತೆ ಹಿಂದೆ ಸರಿಯುತ್ತಾರೆ.

ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ ಆಟೊ ಎಕ್ಸ್‌ಪೋಶರ್, ಆಟೊ ವೈಟ್ ಬ್ಯಾಲೆನ್ಸ್, ಆಟೊ ಫೋಕಸ್ ಎಲ್ಲವನ್ನೂ ಆಫ್ ಮಾಡಿ. ನಮ್ಮ ವಿದ್ಯುತ್ 50 ಹರ್ಟ್ಸ್ ಆದ್ದರಿಂದ ಮಿನುಗು ತಡೆಯುವ ಆಯ್ಕೆಯನ್ನು 50ಕ್ಕೆ ಇಡಿ. ಹಳೆಯ ಹಳದಿ ಬಲ್ಬು, ಹ್ಯಾಲೊಜೆನ್ ಫೋಕಸ್ ದೀಪ ಹತ್ತಿರ ಬೇಡ, ಅವು ತುಂಬಾ ಇನ್‌ಫ್ರಾರೆಡ್ ಸೂಸುತ್ತವೆ. ಎಲ್‌ಇಡಿ ಬಲ್ಬಿನಿಂದ ತೊಂದರೆಯಿಲ್ಲ.

ಇಲ್ಲಿ ನಾವು ಮಾಡಿದ ತಪ್ಪನ್ನು ಹೇಳಲೇಬೇಕು. ಪಶ್ಚಿಮದ ಕಿಟಕಿಗೆ ತೆಳುವಾದ ಕಪ್ಪು ಪಾಲಿಯೆಸ್ಟರ್ ಬಟ್ಟೆ ಕಟ್ಟಿ, ಕೊಠಡಿ ಕತ್ತಲಾಯಿತು ಎಂದು ಸಮಾಧಾನಪಟ್ಟುಕೊಂಡೆವು. ಬೆಳಗ್ಗೆಯೆಲ್ಲ ಚೆನ್ನಾಗಿ ನಡೆಯಿತು. ಮಧ್ಯಾಹ್ನ ನಾಲ್ಕಕ್ಕೆ ಪರದೆ ತುಂಬ ಒಂದೇ ದೈತ್ಯ ನೆರಳು, ಎಲ್ಲ ಅಕ್ಷರಗಳೂ ಸೂರಿನ ಬಳಿಯೇ ಸಿಕ್ಕಿಕೊಂಡವು. ಕಣ್ಣಿಗೆ ಕೊಠಡಿ ಕತ್ತಲೆಯೇ ಇತ್ತು. ಕ್ಯಾಮೆರಾದ ಚಿತ್ರ ತೆರೆದು ನೋಡಿದರೆ ಕಿಟಕಿ ಧಗಧಗಿಸುತ್ತಿತ್ತು. ಬಿಸಿಲಿನ ಇನ್‌ಫ್ರಾರೆಡ್ ಆ ಬಟ್ಟೆಯ ಮೂಲಕ ಸಲೀಸಾಗಿ ಒಳಗೆ ಬರುತ್ತಿತ್ತು. ರಟ್ಟಿನ ಪೆಟ್ಟಿಗೆಗಳನ್ನು ಬಿಡಿಸಿ, ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಅಂಟಿಸಿ ಕಿಟಕಿ ಮುಚ್ಚಿದೆವು. ಕತ್ತಲೆಯನ್ನು ಕಣ್ಣಿನಿಂದ ಅಳೆಯಬೇಡಿ, ಕ್ಯಾಮೆರಾದ ಚಿತ್ರದಲ್ಲಿ ಅಳೆಯಿರಿ. ಅದನ್ನೂ ಬೆಳಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತು ನೋಡಿ.

ಗದ್ದೆಯ ಬಯಲಿಗೆ ಹತ್ತಿರದ ಊರಾದರೆ ಸಂಜೆ ಹುಳುಗಳ ಕಾಟವಿದೆ. ಇನ್‌ಫ್ರಾರೆಡ್ ದೀಪ ಕ್ಯಾಮೆರಾದ ಪಕ್ಕದಲ್ಲೇ ಇದ್ದರೆ ಲೆನ್ಸಿನ ಮುಂದೆ ಹಾರುವ ಸೊಳ್ಳೆಯೂ ಆನೆಯಷ್ಟು ದೊಡ್ಡ ಬೆಳಕಿನ ಗುಡ್ಡೆಯಾಗುತ್ತದೆ. ದೀಪಗಳನ್ನು ಕ್ಯಾಮೆರಾದಿಂದ ದೂರ ಇಡಲು ಇದೂ ಒಂದು ಕಾರಣ.

ಪ್ರೋಗ್ರಾಂ, ಮತ್ತು ಕನ್ನಡದ ಅಕ್ಷರ

ಕೇಸಿ ರಿಯಾಸ್ ಮತ್ತು ಬೆನ್ ಫ್ರೈ 2001ರಲ್ಲಿ ಕಲಾವಿದರಿಗೆಂದೇ ಆರಂಭಿಸಿದ, ಪ್ರೋಗ್ರಾಂ ಬರೆಯುವ ತಂತ್ರಾಂಶ ಪ್ರೊಸೆಸಿಂಗ್, ಅದರ ಹಾದಿಯಲ್ಲೇ ಬ್ರೌಸರಿನಲ್ಲಿ ನಡೆಯುವಂತೆ ಬಂದ ಪಿ5.ಜೆಎಸ್, ಎರಡೂ ಉಚಿತ. ಹೊಸಬರು ಪಿ5ನಿಂದ ಶುರುಮಾಡಿ. ಬರೆಯುವುದಕ್ಕಿಂತ ಕಂಪ್ಯೂಟರ್ ಪರದೆಯಲ್ಲೇ ತಂತಿ ಎಳೆದು ಜೋಡಿಸುವುದು ಇಷ್ಟವಾದರೆ ಟಚ್‌ಡಿಸೈನರ್ ಇದೆ. ಅದರ ಉಚಿತ ಆವೃತ್ತಿಯಲ್ಲಿ ಚಿತ್ರದ ಗಾತ್ರ 1280 ಚುಕ್ಕಿಗೆ ಸೀಮಿತ.

ಕ್ಯಾಮೆರಾದ ಚಿತ್ರವನ್ನು 320 × 240ಕ್ಕೆ ಇಳಿಸಿ. ಹೋಲಿಸಬೇಕಾದ ಚುಕ್ಕಿಗಳು 76,800 ಮಾತ್ರ. ಹಳೆಯ ಲ್ಯಾಪ್‌ಟಾಪ್ ಕೂಡ ಸೆಕೆಂಡಿಗೆ 30 ಸಲ ಆ ಕೆಲಸ ಮಾಡುತ್ತದೆ. ಕ್ಯಾಮೆರಾ ನೋಡುಗರ ಎದುರಿಗಿರುವುದರಿಂದ ಚಿತ್ರವನ್ನು ಎಡಬಲ ತಿರುಗಿಸಲು ಮರೆಯಬೇಡಿ. ಬಲಗೈ ಎತ್ತಿದಾಗ ನೆರಳಿನ ಎಡಬದಿಯ ಕೈ ಎದ್ದರೆ ಜನ ತಬ್ಬಿಬ್ಬಾಗುತ್ತಾರೆ.

ಅಕ್ಷರ ಇಳಿಯುವ ನಿಯಮ ಸರಳ. ಪ್ರತಿ ಸಲವೂ ಅಕ್ಷರದ ಕೆಳಗಿನ ಚುಕ್ಕಿ ನೋಡಿ. ಅಲ್ಲಿ ನೆರಳಿಲ್ಲದಿದ್ದರೆ ಅಕ್ಷರ ಕೆಳಗೆ ಇಳಿಯಲಿ, ಇದ್ದರೆ ನಿಲ್ಲಲಿ. ಕೈ ಮೇಲೆದ್ದು ಅಕ್ಷರ ನೆರಳಿನೊಳಗೆ ಮುಳುಗಿದರೆ, ಅಂಚು ಸಿಗುವವರೆಗೆ ಅದನ್ನು ಮೇಲಕ್ಕೆ ಎತ್ತಿ. ಈ ಕೊನೆಯ ಸಾಲಿನಿಂದಲೇ ಅಕ್ಷರವನ್ನು ಅಂಗೈಯಲ್ಲಿ ಎತ್ತಿಕೊಂಡ ಅನುಭವ ಬರುವುದು. ವೇಗವನ್ನು ಕೊಠಡಿಯಲ್ಲೇ ನಿಂತು ಹೊಂದಿಸಿ. 480 ಚುಕ್ಕಿ ಎತ್ತರದ ಪರದೆಯಲ್ಲಿ ಒಂದು ಸಲಕ್ಕೆ 3 ಚುಕ್ಕಿ ಇಳಿದರೆ, ಮೇಲಿಂದ ಕೆಳಕ್ಕೆ ಬರಲು 5 ಸೆಕೆಂಡಿಗಿಂತ ತುಸು ಹೆಚ್ಚು ಬೇಕು. ನಮಗೆ ಅದೇ ಹಿತವೆನಿಸಿತು. ವೇಗ ಹೆಚ್ಚಿಸಿದಾಗ ಮಕ್ಕಳು ಕುಣಿದರು, ದೊಡ್ಡವರು ಗೋಡೆಗೆ ಒರಗಿ ನಿಂತುಬಿಟ್ಟರು.

ಕನ್ನಡಕ್ಕೆ ಬಂದಾಗ ಒಂದು ತೊಡಕಿದೆ. ಇಂಗ್ಲಿಷಿಗೆ ಬರೆದ ಪ್ರೋಗ್ರಾಂ ಪದವನ್ನು ಸಂಕೇತಗಳಾಗಿ ಒಡೆಯುತ್ತದೆ. ಪ್ರತಿ ಲಿಪಿಚಿಹ್ನೆಗೂ ಒಂದು ಸಂಕೇತ ಕೊಡುವ ಯುನಿಕೋಡ್‌ನಲ್ಲಿ 'ಮಂಡ್ಯ' ಎಂಬುದು ಐದು ಸಂಕೇತ: ಮ, ಸೊನ್ನೆ, ಡ, ಅರ್ಧಾಕ್ಷರ ಮಾಡುವ ವಿರಾಮ ಚಿಹ್ನೆ (್), ಯ. ಹಾಗೇ ಒಡೆದರೆ ಸೊನ್ನೆ ಒಂದೆಡೆ, ಡ ಒಂದೆಡೆ ಬಿದ್ದು ಓದಲಾಗದ ಚೂರುಗಳಾಗುತ್ತವೆ. ನಮಗೆ ಬೇಕಾದುದು ಎರಡೇ ಅಕ್ಷರ: ಮಂ, ಡ್ಯ. 'ಮೈಸೂರು' ಆರು ಸಂಕೇತ, ಮೂರು ಅಕ್ಷರ. ಆದ್ದರಿಂದ ನಿಯಮವನ್ನು ಕೈಯಾರೆ ಬರೆಯಿರಿ: ಕಾಗುಣಿತದ ಚಿಹ್ನೆ, ಸೊನ್ನೆ, ವಿಸರ್ಗ ಬಂದರೆ ಹಿಂದಿನ ಅಕ್ಷರಕ್ಕೆ ಸೇರಿಸಿ, ವಿರಾಮ ಚಿಹ್ನೆಯ ನಂತರ ವ್ಯಂಜನ ಬಂದರೆ ಅದನ್ನೂ ಒತ್ತಕ್ಷರವಾಗಿ ಅದೇ ಅಕ್ಷರಕ್ಕೆ ಸೇರಿಸಿ. ಪಠ್ಯ ಯುನಿಕೋಡ್‌ನಲ್ಲೇ ಇರಲಿ. ಹಳೆಯ 'ನುಡಿ', 'ಬರಹ' ತಂತ್ರಾಂಶಗಳ ಕಡತಗಳನ್ನು ಮೊದಲು ಪರಿವರ್ತಿಸಿಕೊಳ್ಳಿ. ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕಾದುದರಿಂದ, ಅಕ್ಷರ ನಿಲ್ಲುವ ಗೆರೆಯನ್ನು ಒತ್ತಿನ ಬುಡಕ್ಕೆ ಲೆಕ್ಕ ಹಾಕಿ. ಇಲ್ಲದಿದ್ದರೆ 'ಡ್ಯ'ದ ಯ ಒತ್ತು ಭುಜದೊಳಗೆ ಹೂತುಹೋಗುತ್ತದೆ.

ಯಾವ ಪದಗಳು? ನಾವು ಆಲೆಮನೆಯ ಪದಗಳನ್ನು ಆರಿಸಿದೆವು: ಗಾಣ, ಕೊಪ್ಪರಿಗೆ, ಪಾಕ, ಅಚ್ಚು, ಬೆಲ್ಲ. ಬಂದವರಲ್ಲಿ ಅರ್ಧ ಜನ ಕಬ್ಬು ಬೆಳೆಯುವ ಮನೆಗಳವರು. ತಮ್ಮ ಪದ ತಮ್ಮ ಕೈಮೇಲೆ ಬಿದ್ದಾಗ ಅವರ ಮುಖ ಬದಲಾದುದನ್ನು ನೋಡಿದ ಮೇಲೆ, ಎಲ್ಲಿಯದೋ ಪಠ್ಯ ಹಾಕುವ ಮನಸ್ಸು ನನಗೆ ಬಂದಿಲ್ಲ.

ತಂತಿ, ವಿದ್ಯುತ್

ಯುಎಸ್‌ಬಿ ತಂತಿ 5 ಮೀಟರ್ ದಾಟಿದರೆ ಕ್ಯಾಮೆರಾ ಕೈಕೊಡುತ್ತದೆ. ಉದ್ದ ಬೇಕಿದ್ದರೆ ಸಂಕೇತವನ್ನು ನಡುವೆ ಬಲಪಡಿಸುವ ಆಕ್ಟಿವ್ ಎಕ್ಸ್‌ಟೆನ್ಶನ್ ತಂತಿ ತನ್ನಿ. ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ದೀಪ ಇರುವ ಪ್ರೊಜೆಕ್ಟರ್ ಏಕಾಏಕಿ ಆರಿದರೆ ತಂಪಾಗಲು ಅವಕಾಶವಿಲ್ಲದೆ ಹಾಳಾಗುತ್ತದೆ. ಅದಕ್ಕೊಂದು ಯುಪಿಎಸ್ ಇರಲಿ, ಐದು ನಿಮಿಷ ನಿಂತರೂ ಸಾಕು. ಲ್ಯಾಪ್‌ಟಾಪ್‌ನಲ್ಲಿ ಸ್ಲೀಪ್, ಅಪ್‌ಡೇಟ್, ನೋಟಿಫಿಕೇಶನ್ ಎಲ್ಲ ಆಫ್ ಮಾಡಿ. ತಂತಿಗಳನ್ನೆಲ್ಲ ನೆಲಕ್ಕೆ ಟೇಪ್ ಹಚ್ಚಿ ಅಂಟಿಸಿ. ಕತ್ತಲಲ್ಲಿ ಓಡುವ ಮಕ್ಕಳ ಕಾಲಿಗೆ ಸಿಕ್ಕಬಾರದು.

ಬಾಗಿಲು ತೆರೆದ ಮೇಲೆ

ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಶಾಲಾ ಪ್ರವಾಸ ಹೋದ ದಿನದಿಂದಲೂ ನಾವು ಕಲಾಕೃತಿಯ ಮುಂದೆ ಕೈಕಟ್ಟಿ ನಿಲ್ಲುವುದನ್ನು ಕಲಿತವರು. "ಕೈ ಚಾಚಿ" ಎಂದು ಫಲಕ ಹಾಕಿದರೆ ಅದನ್ನು ಓದುತ್ತಾ ನಿಲ್ಲುತ್ತಾರೆ. ಬದಲಿಗೆ, ಬಾಗಿಲಿನಿಂದ ಒಂದು ಹೆಜ್ಜೆ ಇಟ್ಟೊಡನೆ ಅವರು ಕ್ಯಾಮೆರಾಕ್ಕೆ ಕಾಣುವಂತೆ ಜಾಗ ಹೊಂದಿಸಿ. ತಮ್ಮ ನೆರಳು ಕಂಡ ತಕ್ಷಣ ಕೈ ತಾನಾಗಿ ಆಡುತ್ತದೆ. ಮೂರು ಅಡಿ ಎತ್ತರದ ಮಗುವೂ, ಗಾಲಿಕುರ್ಚಿಯಲ್ಲಿ ಕುಳಿತವರೂ ಪೂರ್ತಿಯಾಗಿ ಕಾಣುವಂತೆ ಕ್ಯಾಮೆರಾದ ಕೋನ ಇರಲಿ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಪರದೆ ಮಿಂಚುವಂಥ ದೃಶ್ಯ ಬೇಡ, ಮೂರ್ಛೆರೋಗ ಇರುವವರಿಗೆ ಅಪಾಯ.

ಕ್ಯಾಮೆರಾ ಇದೆ ಎಂಬುದನ್ನು ಮುಚ್ಚಿಡಬೇಡಿ. "ಇಲ್ಲಿ ಕ್ಯಾಮೆರಾ ನಿಮ್ಮ ಆಕೃತಿಯನ್ನು ಮಾತ್ರ ಗುರುತಿಸುತ್ತದೆ, ಯಾವ ಚಿತ್ರವನ್ನೂ ಉಳಿಸಿಕೊಳ್ಳುವುದಿಲ್ಲ" ಎಂದು ಬಾಗಿಲಲ್ಲೇ ಕನ್ನಡದಲ್ಲಿ ಬರೆದು ಹಾಕಿ, ಬರೆದಂತೆ ನಡೆದುಕೊಳ್ಳಿ. ಹೆಣ್ಣುಮಕ್ಕಳು ಇದನ್ನು ಕೇಳಿಯೇ ಕೇಳುತ್ತಾರೆ, ಕೇಳುವ ಹಕ್ಕು ಅವರಿಗಿದೆ. ಕ್ಯಾಮೆರಾ ಏನನ್ನು ಕಾಣುತ್ತಿದೆ ಎಂದು ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದರೆ ಇನ್ನೂ ಒಳ್ಳೆಯದು.

ಪ್ರತಿದಿನ ಬೆಳಗ್ಗೆ ಬಾಗಿಲು ತೆರೆಯುವ ಮುಂಚೆ ಖಾಲಿ ಕೊಠಡಿಯ ಚಿತ್ರವನ್ನು ಹೊಸದಾಗಿ ತೆಗೆಯಿರಿ. ಹಿಂದಿನ ದಿನ ಯಾರೋ ಸರಿಸಿದ ಬೆಂಚು ಅದರಲ್ಲಿ ಸೇರಿಹೋಗುತ್ತದೆ.

ಕೊಠಡಿಯಲ್ಲಿ ಒಬ್ಬರು ಸದಾ ಇರಲಿ, ಕೈಯಲ್ಲಿ ಒಂದು ನೋಟ್‌ಬುಕ್ ಇರಲಿ. ಅವರ ಕೆಲಸ ವಿವರಿಸುವುದಲ್ಲ, ಜನ ಏನು ಮಾಡಿದರು ಎಂದು ಬರೆದುಕೊಳ್ಳುವುದು. ರಾತ್ರಿ ಅದನ್ನು ಓದಿ ಪ್ರೋಗ್ರಾಂ ತಿದ್ದಿ. ನಮ್ಮ ಎರಡನೆಯ ದಿನದ ಪುಟದಲ್ಲಿ ಹೀಗಿದೆ: "ಅಜ್ಜಿ ಸೆರಗೊಡ್ಡಿದರು. ನಡುವೆ ಬಟ್ಟೆ ಜೋತುಬಿದ್ದ ಕಡೆ ಅಕ್ಷರ ನಿಂತಿತು, ತುದಿಗಳಲ್ಲಿ ಸೋರಿತು. ತೆಳುವಾದ ಅಂಚನ್ನು ಕಸವೆಂದು ಪ್ರೋಗ್ರಾಂ ಅಳಿಸುತ್ತಿದೆ. ಸಣ್ಣ ಚುಕ್ಕಿ ಅಳಿಸುವ ಮಿತಿಯನ್ನು ಇಳಿಸಬೇಕು." ಆ ರಾತ್ರಿಯೇ ಇಳಿಸಿದೆವು. ಮರುದಿನ ಶಾಲೆಯ ಹುಡುಗಿಯರು ಇಬ್ಬಿಬ್ಬರಾಗಿ ದುಪಟ್ಟಾದ ತುದಿಗಳನ್ನು ಹಿಡಿದು ಬಂದರು, ಒಂದು ಅಕ್ಷರವೂ ಸೋರಲಿಲ್ಲ.